ತಲೆನೋವು ಬಂದರೆ ಕನ್ನಡಕವೇ?

ಕಣ್ಣಿನ ಡಾಕ್ಟರ ಹತ್ತಿರ ಬರುವವರಿಗೆಲ್ಲ ಕಣ್ಣಿನ ಕಾಯಿಲೆಯೇ ಇರುತ್ತದೆ ಅನ್ನುವಂತಿಲ್ಲ. ದಿನವೂ ಒಂದಷ್ಟು ಜನ ಬರುವುದು ತಲೆನೋವಿಗೆ. "ಸೈಟ್ ಬಂದಿರಬೇಕು ಡಾಕ್ಟ್ರೇ, ಚೆಕ್ ಮಾಡಿ ಕನ್ನಡಕ ಬರೆದುಕೊಡಿ" ಎಂದು ತೀರ್ಪನ್ನೂ ಅವರೇ ಹೊತ್ತು ತಂದಿರುತ್ತಾರೆ. ಕಳಿಸಿದವರು ಪಕ್ಕದ ಮನೆಯವರಿರಬಹುದು, ಮೆಡಿಕಲ್ ಶಾಪಿನವರಿರಬಹುದು, ಕೆಲವು ಸಲ ನಮ್ಮಂಥ ಡಾಕ್ಟರೂ ಇರಬಹುದು. ತಲೆ ನೋಯುತ್ತಿದೆ ಅಂದರೆ ಕಣ್ಣಿನದೇ ತಪ್ಪು ಅನ್ನುವ ಮಾತು ನಮ್ಮಲ್ಲಿ ಅಷ್ಟು ಬೇರುಬಿಟ್ಟಿದೆ.

ಇದು ನಿನ್ನೆ ಮೊನ್ನೆಯ ನಂಬಿಕೆಯೂ ಅಲ್ಲ. ಅರೆತಲೆನೋವಿಗೆ, ಅಂದರೆ ಮೈಗ್ರೇನಿಗೆ, ಆಯುರ್ವೇದದಲ್ಲಿ ಅರ್ಧಾವಭೇದಕ ಅನ್ನುತ್ತಾರೆ. ಅದು ಮಿತಿಮೀರಿದರೆ ಕಣ್ಣನ್ನೋ ಕಿವಿಯನ್ನೋ ಕೆಡಿಸುತ್ತದೆ ಎಂಬ ಎಚ್ಚರಿಕೆ ಚರಕಸಂಹಿತೆಯಲ್ಲೂ ಇದೆ, ವಾಗ್ಭಟನ ಅಷ್ಟಾಂಗಹೃದಯದಲ್ಲೂ ಇದೆ. ಹಳೆಯ ಕಾಲದ ಮಾತು ಎಂದು ನಾನು ಅದನ್ನು ತಳ್ಳಿಹಾಕುವುದಿಲ್ಲ. ಯಾರೋ ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾರೆ ಅನ್ನಿಸುತ್ತದೆ. ಒಂದು ಪಕ್ಕ ತಲೆ ಸಿಡಿದು, ವಾಂತಿಯಾಗಿ, ಎರಡು ದಿನದಲ್ಲಿ ಆ ಕಡೆಯ ಕಣ್ಣಿನ ದೃಷ್ಟಿಯೇ ಹೋದವರು ಇವತ್ತಿಗೂ ನಮ್ಮ ಬಳಿ ಬರುತ್ತಾರೆ. ಅವರಿಗೆ ಆದದ್ದು ಮೈಗ್ರೇನ್ ಅಲ್ಲ, ಅಷ್ಟೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಈಗ ಹೇಳಬೇಕಾದ್ದು ಇದು. ಮೈಗ್ರೇನ್ ಮಿದುಳಿನ ಕಾಯಿಲೆ, ಕಣ್ಣಿನದಲ್ಲ. ಕನ್ನಡಕ ಹಾಕಿದರೆ ಅದು ವಾಸಿಯಾಗುವುದಿಲ್ಲ, ಕನ್ನಡಕ ಹಾಕದ್ದರಿಂದ ಬರುವುದೂ ಇಲ್ಲ. ಮೈಗ್ರೇನ್ ಇದ್ದ ಮಾತ್ರಕ್ಕೆ ಕಣ್ಣಿನ ಪವರ್ ಏರುವುದಿಲ್ಲ. ಆದರೂ ಅದು ಕಣ್ಣಿನ ಕಾಯಿಲೆಯಂತೆ ವೇಷ ಹಾಕುತ್ತದೆ. ಕಣ್ಣಿನ ಕಾಯಿಲೆಗಳೂ ಅದರ ವೇಷ ಹಾಕುತ್ತವೆ. ಒಂದನ್ನು ಇನ್ನೊಂದು ಎಂದು ತಿಳಿದರೆ ಒಂದು ಕಡೆ ದುಡ್ಡು ಹೋಗುತ್ತದೆ, ಇನ್ನೊಂದು ಕಡೆ ಕಣ್ಣೇ ಹೋಗುತ್ತದೆ.

ಇದು ಎಷ್ಟು ಜನರ ಪಾಡು ಎಂದು ಕೇಳಿದರೆ ನಮ್ಮ ಕರ್ನಾಟಕದ್ದೇ ಲೆಕ್ಕ ಇದೆ. ನಿಮ್ಹಾನ್ಸ್‌ನವರು ಹೊರದೇಶದ ತಜ್ಞರ ಜೊತೆಗೂಡಿ ಬೆಂಗಳೂರು ನಗರದಲ್ಲೂ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ, 18ರಿಂದ 65 ವರ್ಷದೊಳಗಿನ 2300ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದರು. ಅದು 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಅನುಭವಿಸಿದವರು ನೂರಕ್ಕೆ 25 ಮಂದಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಮೈಗ್ರೇನ್ ಅಂದರೆ ಕಂಪ್ಯೂಟರ್ ಮುಂದೆ ಕೂರುವ ಬೆಂಗಳೂರಿನವರ ಕಾಯಿಲೆ ಅಂದುಕೊಂಡವರು ಈ ಕೊನೆಯ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕು.

ಹಾಗಾದರೆ ಮಿದುಳಿನ ನೋವು ಕಣ್ಣಿನ ಹಿಂದೆಯೇ ಯಾಕೆ ಬರುತ್ತದೆ? "ಕಣ್ಣು ಗುಡ್ಡೆ ಕಿತ್ತು ಬಂದ ಹಾಗಾಗುತ್ತೆ" ಅಂತ ಹೇಳದ ಮೈಗ್ರೇನ್ ರೋಗಿ ಅಪರೂಪ. ಅವರು ಸುಳ್ಳು ಹೇಳುತ್ತಿಲ್ಲ. ಮುಖದ ನೋವನ್ನೆಲ್ಲ ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ಎಂಬ ನರ ಎಡಕ್ಕೊಂದು ಬಲಕ್ಕೊಂದು ಇದೆ. ಅದರ ಮೇಲಿನ ಕವಲು ಕಣ್ಣಿಗೆ, ಹುಬ್ಬಿಗೆ, ಹಣೆಗೆ, ನೆತ್ತಿಯ ಮುಂಭಾಗಕ್ಕೆ ಹೋಗುತ್ತದೆ. ಮಿದುಳನ್ನು ಸುತ್ತುವರಿದ ಪೊರೆಗೂ ಅದೇ ಕವಲಿನ ಎಳೆಗಳು ಹೋಗುತ್ತವೆ. ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ, ತಿಳಿಯುವುದು ಆ ಪೊರೆಗೆ. ಮೈಗ್ರೇನ್ ಬಂದಾಗ ಪೊರೆಯ ರಕ್ತನಾಳಗಳ ಸುತ್ತಲಿನ ನರದ ತುದಿಗಳು ಕೆರಳುತ್ತವೆ, ಸಿ.ಜಿ.ಆರ್.ಪಿ. ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ, ನಾಡಿ ಬಡಿದ ಹಾಗೆ ತಲೆ ಬಡಿಯತೊಡಗುತ್ತದೆ. ನೋವು ಹುಟ್ಟಿದ್ದು ಒಳಗಿನ ಪೊರೆಯಲ್ಲಿ. ಆದರೆ ಸುದ್ದಿ ತಂದ ನರ ಕಣ್ಣಿನದೂ ಆದ್ದರಿಂದ ಮಿದುಳು ಅದನ್ನು ಕಣ್ಣಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಈ ರಾಸಾಯನಿಕದ ಜಾಡು ಹಿಡಿದು ಹೊರಟ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ಬ್ರೇನ್ ಪ್ರೈಜ್ ಸಿಕ್ಕಿತು. ಅದನ್ನು ತಡೆಯುವ ಹೊಸ ಔಷಧಗಳು ಬಂದಿವೆ, ಬೆಲೆ ಮಾತ್ರ ನಮ್ಮ ಜೇಬಿಗೆ ಭಾರ.

ಬೆಳಕು ಕಂಡರೆ ಆಗದಿರುವುದು ಇನ್ನೊಂದು ದೂರು. ಮೈಗ್ರೇನ್ ಹಿಡಿದವರು ಕಿಟಕಿ ಮುಚ್ಚಿ, ಲೈಟು ಆರಿಸಿ, ಕಣ್ಣಿನ ಮೇಲೆ ಸೆರಗು ಹಾಕಿಕೊಂಡು ಮಲಗುತ್ತಾರೆ. ಅಮೆರಿಕದ ಬಾಸ್ಟನ್‌ನಲ್ಲಿ ರಾಮಿ ಬರ್ಸ್ಟೀನ್ ಮತ್ತು ಅವರ ಸಂಗಡಿಗರು ಈ ವಿಷಯವನ್ನು ಬಹಳ ಜಾಣತನದಿಂದ ಪರೀಕ್ಷಿಸಿದರು. ಅವರು ಹುಡುಕಿದ್ದು ಮೈಗ್ರೇನ್ ಇರುವ ಅಂಧರನ್ನು. ಕೆಲವರಿಗೆ ಬೆಳಕಿನ ಅರಿವು ಒಂದಿಷ್ಟೂ ಇರಲಿಲ್ಲ. ಅವರ ತಲೆನೋವಿಗೆ ಬೆಳಕಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಉಳಿದವರಿಗೆ ಆಕಾರ ಬಣ್ಣ ಯಾವುದೂ ಕಾಣದು, ಆದರೆ ಬೆಳಕಿದೆಯೋ ಕತ್ತಲೆಯೋ ಅನ್ನುವಷ್ಟು ಅರಿವಿತ್ತು. ಅವರಿಗೆ ಮಾತ್ರ ಬೆಳಕಿನಲ್ಲಿ ನೋವು ಏರುತ್ತಿತ್ತು. ಅಂದರೆ ನಾವು ನೋಡುವ ದಾರಿಯ ಜೊತೆಗೆ ಬೆಳಕಿನ ಪ್ರಮಾಣವನ್ನಷ್ಟೇ ಅಳೆಯುವ ಇನ್ನೊಂದು ದಾರಿ ಅಕ್ಷಿಪಟಲದಿಂದ ಹೊರಡುತ್ತದೆ, ಮಿದುಳಿನಲ್ಲಿ ಅದು ನೋವಿನ ದಾರಿಯನ್ನು ಸೇರಿಕೊಳ್ಳುತ್ತದೆ. 2010ರ ಈ ಕೆಲಸವನ್ನು ಓದಿದ ಮೇಲೆ, ಬೆಳಕಿಗೆ ಮುಖ ಸಿಂಡರಿಸುವ ರೋಗಿಯನ್ನು ನಾಟಕ ಮಾಡುತ್ತಾಳೆ ಅನ್ನುವ ಮನೆಯವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಇನ್ನು ನಮ್ಮ ಮಾತಿನ ನಡುಮನೆಗೆ ಬರೋಣ. ಮೈಗ್ರೇನ್ ಇರುವ ಪ್ರತಿ ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ತಲೆನೋವಿಗೆ ಮುಂಚೆ ದೃಷ್ಟಿಯ ಆಟ ಶುರುವಾಗುತ್ತದೆ. ಇದಕ್ಕೆ ಆರಾ ಅನ್ನುತ್ತಾರೆ. ನಮ್ಮಲ್ಲಿಗೆ ಒಬ್ಬ ಹೈಸ್ಕೂಲ್ ಗಣಿತದ ಮೇಡಂ ಬಂದಿದ್ದರು. ಪಾಠ ಮಾಡುತ್ತಿದ್ದಾಗ ಬೋರ್ಡಿನ ಮೇಲೆ ತಾವೇ ಬರೆದ ಲೆಕ್ಕದ ಎಡಗಡೆಯ ಅಂಕಿಗಳು ಕಾಣದಾದವು. ಸ್ವಲ್ಪ ಹೊತ್ತಿಗೆ ಆ ಜಾಗದಲ್ಲಿ ಹಬ್ಬದ ಸೀರಿಯಲ್ ಸೆಟ್ ಹತ್ತಿ ಆರಿ ಮಾಡಿದ ಹಾಗೆ ಅಂಕುಡೊಂಕು ಬೆಳಕು. ಅರ್ಧ ಗಂಟೆಯಲ್ಲಿ ಅದೂ ಹೋಯಿತು, ತಲೆ ಸಿಡಿಯತೊಡಗಿತು. ಎಡಗಣ್ಣು ಕೆಟ್ಟಿತು ಎಂದು ಅವರು ಅಷ್ಟರಲ್ಲಾಗಲೇ ಎರಡು ಕನ್ನಡಕ ಬದಲಾಯಿಸಿದ್ದರು.

"ಎಡಗಣ್ಣು ಅಂತ ಹೇಗೆ ಗೊತ್ತಾಯಿತು ಮೇಡಂ?" ಎಂದೆ.

"ಎಡಗಡೆ ಕಾಣಲಿಲ್ಲವಲ್ಲ ಡಾಕ್ಟ್ರೇ."

"ಮುಂದಿನ ಸಲ ಬಂದಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಗಡಿಯಾರ ನೋಡಿಕೊಂಡು ಬರೆದಿಡಿ."

ಗಣಿತದವರು, ಚಾಚೂ ತಪ್ಪದೆ ಬರೆದುಕೊಂಡು ಬಂದರು. ಓ.ಪಿ.ಡಿ. ಚೀಟಿಯ ಹಿಂಬದಿಯಲ್ಲಿ ಐದೈದು ನಿಮಿಷಕ್ಕೊಂದು ಚಿತ್ರ. ನೋಟದ ನಡುವಿಗೆ ಹತ್ತಿರ ಒಂದು ಚುಕ್ಕಿ, ಆಮೇಲೆ ಕುದುರೆ ಲಾಳದ ಆಕಾರದ ಗರಗಸದ ಗೆರೆ, ಅದು ದೊಡ್ಡದಾಗುತ್ತ ಅಂಚಿಗೆ ಸರಿದು ಮರೆಯಾಗಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ: ಎಡಗಣ್ಣು ಮುಚ್ಚಿದರೂ ಕಂಡಿತು, ಬಲಗಣ್ಣು ಮುಚ್ಚಿದರೂ ಕಂಡಿತು, ಎರಡೂ ಮುಚ್ಚಿದರೂ ಕಂಡಿತು.

ರೋಗ ಪತ್ತೆಗೆ ಇದಕ್ಕಿಂತ ಇನ್ನೇನು ಬೇಕು! ಯಾವ ಕಣ್ಣು ಮುಚ್ಚಿದರೂ ಅದೇ ಕಡೆ ಕಾಣುವುದು ಒಂದು ಕಣ್ಣಿನಿಂದ ಬಂದದ್ದಾಗಿರಲಾರದು. ನಮ್ಮ ಎಡಗಡೆ ಇರುವುದೆಲ್ಲ, ಯಾವ ಕಣ್ಣಿನಿಂದ ನೋಡಿದರೂ, ಮಿದುಳಿನ ಬಲಗಡೆಯ ಹಿಂಭಾಗಕ್ಕೆ ಹೋಗಿ ಸೇರುತ್ತದೆ. ಗಲಾಟೆ ನಡೆದದ್ದು ಅಲ್ಲಿ.

ಈ ಚಿತ್ರವನ್ನು ಮೊದಲು ಅಚ್ಚುಕಟ್ಟಾಗಿ ಬರೆದಿಟ್ಟವರಲ್ಲಿ ಇಂಗ್ಲೆಂಡಿನ ಡಾಕ್ಟರ್ ಹ್ಯೂಬರ್ಟ್ ಏರಿ ಒಬ್ಬರು. ಅವರ ತಂದೆ ಜಾರ್ಜ್ ಏರಿ ಅರಮನೆಯ ಖಗೋಳ ವಿಜ್ಞಾನಿ. ತಂದೆಗೂ ಮಗನಿಗೂ ಇದೇ ತೊಂದರೆ ಇತ್ತು, ಇಬ್ಬರೂ ಇದರ ಬಗ್ಗೆ ಬರೆದರು. ಮೈಗ್ರೇನ್ ಮನೆತನದಲ್ಲಿ ಇಳಿದು ಬರುತ್ತದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ. 1870ರಲ್ಲಿ ಮಗ ಬರೆದ ಬಣ್ಣದ ಚಿತ್ರಗಳಲ್ಲಿ ಆ ಗರಗಸದ ಗೆರೆ ಕೋಟೆಯ ಕೊತ್ತಲಗಳ ನಕ್ಷೆಯ ಹಾಗಿದೆ. ನೂರೈವತ್ತು ವರ್ಷ ಹಿಂದಿನ ಆ ಚಿತ್ರವನ್ನು ತೋರಿಸಿದಾಗ ನಮ್ಮ ಗಣಿತದ ಮೇಡಂ, "ನನ್ನದನ್ನೇ ಬರೆದಿದ್ದಾರಲ್ಲ!" ಎಂದರು.

ಆಮೇಲಿನ ಕತೆ ಇನ್ನೂ ಸೊಗಸು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿಗೂ ಆರಾ ಬರುತ್ತಿತ್ತು. ಬಂದಾಗಲೆಲ್ಲ ಕಾಗದದ ಮೇಲೆ ಅದರ ಗಡಿಯನ್ನು ಗುರುತು ಹಾಕಿಕೊಂಡು, ಮಿದುಳಿನ ದೃಷ್ಟಿ ಪ್ರದೇಶದ ಮೇಲೆ ಅದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿರಬೇಕು ಎಂದು 1941ರಲ್ಲಿ ಲೆಕ್ಕ ಹಾಕಿದರು. ಮೂರು ವರ್ಷ ಕಳೆದು ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವ್ ಮೊಲದ ಮಿದುಳಿನ ಮೇಲೆ ಪ್ರಯೋಗ ಮಾಡುವಾಗ, ನರಕೋಶಗಳ ಚಟುವಟಿಕೆ ಒಂದೆಡೆ ಕೆರಳಿ ಆಮೇಲೆ ಸ್ತಬ್ಧವಾಗುವ ಅಲೆಯೊಂದು ನಿಧಾನವಾಗಿ ಹರಡುವುದನ್ನು ಕಂಡರು. ಅದರ ವೇಗವೂ ಹೆಚ್ಚುಕಡಿಮೆ ಅಷ್ಟೇ. ಕೊನೆಗೆ 2001ರಲ್ಲಿ ನುಷೀನ್ ಹಾಜಿಖಾನಿ ತಂಡದವರು ಮನುಷ್ಯನ ಮಿದುಳಿನಲ್ಲಿ ಈ ಅಲೆ ಹೋಗುವುದನ್ನು ಸ್ಕ್ಯಾನಿಂಗ್‌ನಲ್ಲಿ ಹಿಡಿದರು. ಆರಾ ಹೇಳಿ ಕೇಳಿ ಬರುವುದಿಲ್ಲವಲ್ಲ, ಸ್ಕ್ಯಾನರ್‌ನೊಳಗೆ ಮಲಗಿದಾಗಲೇ ಬರಿಸುವುದು ಹೇಗೆ? ಅವರ ಒಬ್ಬ ರೋಗಿಗೆ ಬ್ಯಾಸ್ಕೆಟ್‌ಬಾಲ್ ಆಡಿದರೆ ಆರಾ ಬರುತ್ತಿತ್ತು. ಆಡಿಸಿ, ಕರೆತಂದು ಮಲಗಿಸಿದರು. ಆ ಅಲೆ ಕೆರಳಿಸುವ ಮುಂಭಾಗವೇ ನಮಗೆ ಕಾಣುವ ಗರಗಸದ ಮಿಂಚು. ಹಿಂದೆ ಬರುವ ಸ್ತಬ್ಧತೆಯೇ ಅಂಕಿ ಅಕ್ಷರ ಕಾಣದ ಖಾಲಿ ಜಾಗ.

ಆರಾ 5 ನಿಮಿಷದಿಂದ ಒಂದು ಗಂಟೆಯೊಳಗೆ ತಾನಾಗಿ ಹೋಗುತ್ತದೆ. ವಯಸ್ಸಾದ ಮೇಲೆ ಕೆಲವರಿಗೆ ತಲೆನೋವು ನಿಂತು ಆರಾ ಮಾತ್ರ ಬರುವುದುಂಟು. ಗಾಡಿ ಓಡಿಸುವಾಗ ಶುರುವಾದರೆ ರಸ್ತೆ ಪಕ್ಕಕ್ಕೆ ನಿಲ್ಲಿಸಿ. ಅರ್ಧ ರಸ್ತೆ ಕಾಣದವರು ಬೈಕಿನ ಮೇಲಿರಬಾರದು. ಹೆಣ್ಣುಮಕ್ಕಳಿಗೆ ಒಂದು ಮಾತು. ಆರಾ ಬರುವ ಮೈಗ್ರೇನ್ ಇದ್ದರೆ ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸ್ವಲ್ಪ ಹೆಚ್ಚು. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ಅವರಿಗೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮಾತ್ರೆ ಬರೆಸಿಕೊಳ್ಳುವಾಗ ಈ ಮಿಂಚಿನ ವಿಷಯವನ್ನು ಡಾಕ್ಟರಿಗೆ ಹೇಳಿ, ಅವರು ಕೇಳದಿದ್ದರೂ ಹೇಳಿ. ಬೀಡಿ ಸಿಗರೇಟು ಸೇದುವವರಿಗೂ ಇದೇ ಎಚ್ಚರಿಕೆ.

ಇಷ್ಟು ಹೇಳಿದೆ ಎಂದು ಕನ್ನಡಕಕ್ಕೂ ತಲೆನೋವಿಗೂ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ಕಣ್ಣಿನ ಆಯಾಸದ ತಲೆನೋವು ಬೇರೆಯೇ ಇದೆ. ಅದು ಬೆಳಗ್ಗೆ ಏಳುವಾಗ ಇರುವುದಿಲ್ಲ. ಹೊಲಿಗೆ, ಓದು, ಮೊಬೈಲು, ಲೆಕ್ಕಪತ್ರ ಎಂದು ಹತ್ತಿರದ ಕೆಲಸ ಮಾಡಿದ ಮೇಲೆ ಸಂಜೆ ಹೊತ್ತಿಗೆ ಹುಬ್ಬಿನ ಮೇಲೆ ಎರಡೂ ಕಡೆ ಮಂದವಾಗಿ ನೋಯುತ್ತದೆ. ಕೆಲಸ ಬಿಟ್ಟರೆ ಇಳಿಯುತ್ತದೆ. ವಾಂತಿ ಇರುವುದಿಲ್ಲ. ಪ್ಲಸ್ ಪವರ್ ಇದ್ದವರಿಗೆ, ಸಿಲಿಂಡರ್ ಪವರ್ ಇದ್ದವರಿಗೆ, ನಲವತ್ತು ದಾಟಿ ಚಾಳೀಸು ಬಂದರೂ ಕನ್ನಡಕಕ್ಕೆ ಒಪ್ಪದೆ ಪೇಪರನ್ನು ದೂರ ದೂರ ಹಿಡಿಯುವವರಿಗೆ ಇದು ಸಾಮಾನ್ಯ. ಎರಡು ಕಣ್ಣುಗಳನ್ನೂ ಹತ್ತಿರಕ್ಕೆ ಒಟ್ಟಿಗೆ ತಿರುಗಿಸುವ ಶಕ್ತಿ ಕಡಿಮೆ ಇದ್ದವರಿಗೂ ಬರುತ್ತದೆ, ಅವರಿಗೆ ಕಣ್ಣಿನ ವ್ಯಾಯಾಮ ಹೇಳಿಕೊಡುತ್ತೇವೆ. ಬರೀ ಮೈನಸ್ ಪವರ್‌ನಿಂದ ತಲೆನೋವು ಬರುವುದು ಕಡಿಮೆ, ದೂರದ್ದು ಮಸುಕಾಗುತ್ತದೆ ಅಷ್ಟೆ. ಮೈಗ್ರೇನ್ ಇರುವವರಿಗೂ ಪವರ್ ಇದ್ದರೆ ಸರಿಯಾದ ಕನ್ನಡಕ ಹಾಕಬೇಕು. ಆಯಾಸವೂ ಮೈಗ್ರೇನನ್ನು ಕೆಣಕಬಹುದು. ಆದರೆ ಕಾಲು ಪವರಿನ ಕನ್ನಡಕ ಕೊಟ್ಟು ಮೈಗ್ರೇನ್ ಓಡಿಸುತ್ತೇನೆ ಅನ್ನುವವರನ್ನು ನಂಬಬೇಡಿ.

ಕನ್ನಡಕದ ಮೇಲಿನ ಈ ಭಕ್ತಿಗೂ ಚರಿತ್ರೆ ಇದೆ. ಫಿಲಡೆಲ್ಫಿಯಾದ ಪ್ರಸಿದ್ಧ ನರತಜ್ಞ ವೀರ್ ಮಿಚೆಲ್ 1870ರ ದಶಕದಲ್ಲಿ ಕಣ್ಣಿನ ಆಯಾಸದಿಂದ ತಲೆನೋವು ಬರುತ್ತದೆ ಎಂದು ತೋರಿಸಿದರು. ಅದು ಒಪ್ಪತಕ್ಕ ಮಾತೇ. ಅದೇ ಊರಿನ ಕಣ್ಣಿನ ಡಾಕ್ಟರ್ ಜಾರ್ಜ್ ಗೌಲ್ಡ್ ಆ ಮಾತನ್ನು ಎಲ್ಲೆ ಮೀರಿ ಎಳೆದರು. 1903ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಡಾರ್ವಿನ್, ಕಾರ್ಲೈಲ್, ಹಕ್ಸ್‌ಲಿ ಇವರೆಲ್ಲರ ಜೀವಮಾನದ ನರಳಾಟಕ್ಕೂ ತಕ್ಕ ಕನ್ನಡಕ ಇಲ್ಲದ್ದೇ ಕಾರಣ ಎಂದು ವಾದಿಸಿದರು. ಇವತ್ತು ಅದೇ ವಾದ ನೀಲಿ ಬೆಳಕು ತಡೆಯುವ ಕಂಪ್ಯೂಟರ್ ಕನ್ನಡಕದ ರೂಪದಲ್ಲಿ ಮಾರಾಟವಾಗುತ್ತಿದೆ. ಕಾಕ್ರೇನ್ ಸಂಸ್ಥೆಯವರು 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಂಪ್ಯೂಟರ್ ಕೆಲಸದ ಕಣ್ಣಿನ ಆಯಾಸಕ್ಕೆ, ಕಡಿಮೆ ಅವಧಿಯ ಬಳಕೆಯಲ್ಲಿ, ಆ ಗಾಜಿನಿಂದ ಸಾಮಾನ್ಯ ಗಾಜಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ, ಒಳ್ಳೆಯದು. ಮನೆಯೊಳಗೂ ಹಾಕಿಕೊಂಡೇ ಇದ್ದರೆ ಕಣ್ಣು ಕತ್ತಲಿಗೆ ಒಗ್ಗಿ, ಸಣ್ಣ ಬೆಳಕನ್ನೂ ತಡೆಯದಾಗುತ್ತದೆ.

ಇನ್ನು ಕಣ್ಣು ಕಳೆಯುವ ವೇಷಧಾರಿಗಳ ವಿಷಯ. ಅರವತ್ತರ ಆಸುಪಾಸಿನ ಒಬ್ಬ ಅಜ್ಜಿಯನ್ನು ಮಗ ಕೈಹಿಡಿದು ಕರೆತಂದಿದ್ದ. ಎರಡು ದಿನದ ಹಿಂದೆ ಸಂಜೆ ಬಲಗಡೆ ತಲೆನೋವು ಶುರುವಾಗಿ, ರಾತ್ರಿಯಿಡೀ ವಾಂತಿ. ಹತ್ತಿರದಲ್ಲೇ ತೋರಿಸಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಆಯಿತು. ಮರುದಿನ ಮೈಗ್ರೇನ್ ಎಂದು ಮಾತ್ರೆ. ಹಣೆಗೆ ಅಮೃತಾಂಜನ ಹಚ್ಚಿದ್ದರಿಂದ ಕಣ್ಣು ಕೆಂಪಾಗಿದೆ ಎಂದು ಮನೆಯವರು ತಿಳಿದಿದ್ದರು. ದೀಪ ಹಿಡಿದು ನೋಡಿದರೆ ಕಣ್ಣಿನ ಕರಿಭಾಗ ಮಂಜು ಕವಿದಿತ್ತು, ಪಾಪೆ ಅರ್ಧ ಅರಳಿ ಅಲ್ಲಾಡದೆ ನಿಂತಿತ್ತು. ರೆಪ್ಪೆಯ ಮೇಲಿಂದ ಬೆರಳಲ್ಲಿ ಒತ್ತಿದರೆ ಕಣ್ಣು ಕಲ್ಲಿನಷ್ಟು ಗಟ್ಟಿ. ನಮ್ಮ ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕು. ಇಂಥ ಹೊತ್ತಿನಲ್ಲಿ 50 ದಾಟುವುದುಂಟು. ಕಣ್ಣೊಳಗಿನ ನೀರು ಹೊರಹೋಗುವ ಮೂಲೆ ತಟಕ್ಕನೆ ಮುಚ್ಚಿಕೊಂಡಾಗ ಹೀಗಾಗುತ್ತದೆ. ಇದು ಗ್ಲಾಕೋಮಾದ ತೀವ್ರ ರೂಪ. ನಡುವಯಸ್ಸು ದಾಟಿದ ಹೆಂಗಸರಲ್ಲಿ, ಪ್ಲಸ್ ಪವರ್ ಇರುವ ಸಣ್ಣ ಕಣ್ಣುಗಳಲ್ಲಿ, ನಮ್ಮ ಏಷ್ಯಾದವರಲ್ಲಿ ಹೆಚ್ಚು. "ಮುಂಚೆ ಯಾವಾಗಲಾದರೂ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತಿತ್ತೇನಜ್ಜಿ?" ಎಂದು ಕೇಳಿದೆ. "ಹೂಂ ಕಣಪ್ಪ, ಸಂಜೆ ಹೊತ್ತು ಕಾಣ್ತಿತ್ತು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದೆ" ಅಂದರು. ಒತ್ತಡ ಇಳಿಸಿ ಲೇಸರ್ ಮಾಡಿದೆವು. ಎರಡು ದಿನ ಒತ್ತಡದಲ್ಲಿ ನಲುಗಿದ ನರ ಮೊದಲಿನಂತಾಗಲಿಲ್ಲ. ಆ ಕಣ್ಣಿಗೆ ಈಗ ಬೆರಳೆಣಿಸುವಷ್ಟು ದೃಷ್ಟಿ. ಇನ್ನೊಂದು ಕಣ್ಣಿಗೆ ಮುಂಚೆಯೇ ಲೇಸರ್ ಮಾಡಿ ಉಳಿಸಿಕೊಂಡೆವು. ಚರಕ ವಾಗ್ಭಟರ ಎಚ್ಚರಿಕೆಯ ಹಿಂದೆ ಇಂಥ ಅಜ್ಜಿಯರೇ ಇದ್ದಿರಬೇಕು ಎಂದು ನನ್ನ ಊಹೆ.

ಉಳಿದವನ್ನು ಬೇಗ ಹೇಳುತ್ತೇನೆ. ಒಂದೇ ಕಣ್ಣಿನ ಅಂಚಿನಲ್ಲಿ ಕ್ಷಣಮಾತ್ರದ ಬಿಳಿ ಮಿಂಚು, ಜೊತೆಗೆ ಕಪ್ಪು ಚುಕ್ಕಿಗಳ ಸುರಿಮಳೆ, ಪರದೆ ಇಳಿಬಿಟ್ಟ ಹಾಗೆ ಕತ್ತಲು ಆದರೆ ಅದು ಆರಾ ಅಲ್ಲ, ಅಕ್ಷಿಪಟಲ ಹರಿದಿರಬಹುದು. ಒಂದು ಕಣ್ಣಿನ ದೃಷ್ಟಿ ದೀಪ ಆರಿದಂತೆ ಒಮ್ಮೆಲೇ ಹೋಗಿ ಬಂದರೆ, ಮಾತು ತೊದಲಿದರೆ, ಕೈ ಸೋತರೆ ಪಾರ್ಶ್ವವಾಯುವಿನ ಮುನ್ಸೂಚನೆ ಎಂದೇ ಓಡಬೇಕು. ಮೈ ಬಂದ ಎಳೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನವೂ ತಲೆನೋವು, ಬಗ್ಗಿ ಎದ್ದಾಗ ಕಣ್ಣು ಕತ್ತಲಿಟ್ಟು ಬರುವುದು, ಕಿವಿಯಲ್ಲಿ ನಾಡಿಯ ಸದ್ದು ಇದ್ದರೆ ತಲೆಯೊಳಗಿನ ಒತ್ತಡ ಏರಿರಬಹುದು. ಕಣ್ಣಿಗೆ ಡ್ರಾಪ್ಸ್ ಹಾಕಿ ನರವನ್ನು ನೋಡಿದರೆ ಅದು ಗೊತ್ತಾಗುತ್ತದೆ. ಐವತ್ತು ದಾಟಿದ ಮೇಲೆ ಹೊಸದಾಗಿ ತಲೆನೋವು ಬಂದು, ಕಣತಲೆ ಮುಟ್ಟಿದರೆ ನೋವು, ಅಗಿಯುವಾಗ ದವಡೆ ಸೋಲುವುದು ಇದ್ದರೆ ಅದನ್ನು ಮೈಗ್ರೇನ್ ಅನ್ನಲೇಬೇಡಿ. ಅದು ಕಣತಲೆಯ ರಕ್ತನಾಳದ ಉರಿಯೂತ ಇರಬಹುದು. ನಮ್ಮಲ್ಲಿ ಅದು ಅಪರೂಪ, ಬಂದರೆ ಎರಡು ಕಣ್ಣನ್ನೂ ಬಲಿ ತೆಗೆದುಕೊಳ್ಳಬಹುದು.

ಮೈಗ್ರೇನ್ ಎಂದೇ ಖಚಿತವಾದವರು ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದಕ್ಕೆ ಮಿತಿ ಇರಲಿ. ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ, ಬೆರಕೆ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳು ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ನಿಲ್ಲದಂತಾಗುತ್ತದೆ. ನೋವು ಬಂದ ದಿನ, ಅದರ ಹಿಂದಿನ ರಾತ್ರಿಯ ನಿದ್ದೆ, ಉಪವಾಸ, ಮುಟ್ಟಿನ ದಿನ, ಬಿಸಿಲು ಇವನ್ನೆಲ್ಲ ಕ್ಯಾಲೆಂಡರ್ ಮೇಲೇ ಬರೆದಿಡಿ. ತಲೆಸ್ನಾನವನ್ನೂ ಸೇರಿಸಿ. ಮುಂಬೈನ ಡಾ. ಕೆ. ರವಿಶಂಕರ್ ತಲೆಸ್ನಾನದಿಂದ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಅಮ್ಮಂದಿರು ಹೇಳುತ್ತಿದ್ದದ್ದು ಬರೀ ಮೂಢನಂಬಿಕೆಯಾಗಿರಲಿಲ್ಲ.

ಕಡೆಯದಾಗಿ, ಮೈಗ್ರೇನ್ ಬಾರದಂತೆ ತಡೆಯಲು ಟೊಪಿರಾಮೇಟ್ ಎಂಬ ಮಾತ್ರೆಯನ್ನು ಹಲವರಿಗೆ ಬರೆಯುತ್ತಾರೆ. ಒಳ್ಳೆಯ ಮಾತ್ರೆಯೇ. ಆದರೆ ಎಲ್ಲೋ ಕೆಲವರಿಗೆ, ಸಾಮಾನ್ಯವಾಗಿ ಶುರುಮಾಡಿದ ಮೊದಲ ತಿಂಗಳೊಳಗೆ, ಅದರಿಂದ ಎರಡೂ ಕಣ್ಣಿನ ಒತ್ತಡ ಏರುತ್ತದೆ, ದೂರದ್ದು ಇದ್ದಕ್ಕಿದ್ದಂತೆ ಮಸುಕಾಗುತ್ತದೆ. ಸೈಟ್ ಬಂತು ಎಂದು ಕನ್ನಡಕದ ಅಂಗಡಿಗೆ ಹೋದರೆ ಅಲ್ಲಿ ಮೈನಸ್ ಪವರ್ ಎಂದು ಬರೆದೂ ಕೊಡುತ್ತಾರೆ. ಬೇಕಾದ್ದು ಕನ್ನಡಕವಲ್ಲ, ಡಾಕ್ಟರಿಗೆ ಹೇಳಿ ಆ ಮಾತ್ರೆಯನ್ನು ಕೂಡಲೇ ನಿಲ್ಲಿಸುವುದು. ಆದ್ದರಿಂದ ತಲೆನೋವಿಗೆ ಮಾತ್ರೆ ತೆಗೆದುಕೊಳ್ಳುವವರು ಕಣ್ಣು ತೋರಿಸಲು ಬರುವಾಗ ಹಳೆಯ ಕನ್ನಡಕದ ಜೊತೆಗೆ ಮಾತ್ರೆಯ ಚೀಟಿಯನ್ನೂ ತನ್ನಿ. ಒಂದು ಪಕ್ಕದ ತಲೆನೋವಿನ ಜೊತೆ ಕಣ್ಣು ಕೆಂಪಾಗಿ ದೃಷ್ಟಿ ಮಂಜಾದರೆ ಬೆಳಗಾಗುವವರೆಗೆ ಕಾಯಬೇಡಿ, ಆ ರಾತ್ರಿಯೇ ಹೊರಡಿ.